ಹೊಸ್ತಿಲಿಗೆ ಬಂದ ಬೇರು

ನಮ್ಮ ಊರಿನಲ್ಲಿ ಮನೆ ಕಟ್ಟಿಸುವವರು ಗೋಡೆಗಿಂತ ಮೊದಲು ಬಾಗಿಲಿನ ಬಗ್ಗೆ ಯೋಚಿಸುತ್ತಾರೆ. ಮಂಚವನ್ನು ಓರೆ ಮಾಡದೆ ಹೊರಗೆ ತರುವಷ್ಟು ಅಗಲ ಇರಬೇಕು. ಒರಳುಕಲ್ಲನ್ನು ಯಾರೂ ನೆಲಕ್ಕೆ ಹೂಳುವುದಿಲ್ಲ. ಮದುವೆಯ ಕರೆಯೋಲೆಯಲ್ಲಿ ಮನೆಯ ವಿಳಾಸ ಹಾಕಿಸುವುದಿಲ್ಲ, 'ಊರಿಗೆ ಬಂದು ಕೇಳಿ' ಎಂದು ಅಚ್ಚು ಹಾಕಿಸುತ್ತಾರೆ. ಬೇರು ಹೊಸ್ತಿಲು ದಾಟಿ ಒಳಗೆ ಬಂದರೆ ಆ ಮನೆ ಮರದ್ದು. ಮನೆಯವರು ಅದೇ ದಿನ ಸಾಮಾನು ಕಟ್ಟಿಕೊಂಡು ಹೊರಡಬೇಕು. ಬೇರಿನ ಕಚೇರಿಯವರು ಊರಿನ ಇನ್ನೊಂದು ಬದಿಯಲ್ಲಿ ಖಾಲಿ ಬಿದ್ದ ಮನೆಯ ಬೀಗದಕೈ ಕೊಡುತ್ತಾರೆ. ಬೇರನ್ನು ಕಡಿಯುವ ಮಾತನ್ನು ಯಾರೂ ಆಡುವುದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನಾನೊಮ್ಮೆ ಬಾವಿಯ ಹತ್ತಿರ ಆ ಮಾತು ಆಡಿದ್ದೆ. ನೀರು ಸೇದುತ್ತಿದ್ದ ಹೆಂಗಸರೆಲ್ಲ ಕೊಡ ಕೆಳಗಿಟ್ಟು ನನ್ನ ಮುಖ ನೋಡಿದರು. ಆಮೇಲೆ ಒಬ್ಬರು, ಪಾಪ, ಹೊರಗಿನವಳು, ಎಂದರು.

ಉಳಿದವರು ಎರಡು ಮೂರು ಮನೆ ಬದಲಾಯಿಸಿದ್ದರೂ ನಮ್ಮ ಮನೆಯ ಹತ್ತಿರ ಒಂದು ಬೇರೂ ಬಂದಿರಲಿಲ್ಲ. ನನ್ನ ಗಂಡ ಹುಟ್ಟಿದ್ದು, ಬೆಳೆದದ್ದು, ಕಾಯಿಲೆ ಬಿದ್ದು ತೀರಿಕೊಂಡದ್ದು ಎಲ್ಲ ಅಲ್ಲೇ. ಅವರು ಹೋದ ಮೇಲೆ ನಾನು ತವರಿಗೆ ಹೋಗುತ್ತೇನೆಂದು ಎಲ್ಲರೂ ಅಂದುಕೊಂಡಿದ್ದರು. ನಾನು ಹೋಗಲಿಲ್ಲ. ಮನೆಯಲ್ಲಿ ನನ್ನ ನಾದಿನಿ ದಾಕ್ಷಾಯಿಣಿ ಇದ್ದಳು. ನಾವಿಬ್ಬರೂ ಸೇರಿ ಚಕ್ಕುಲಿ, ಕೋಡುಬಳೆ, ನಿಪ್ಪಟ್ಟು ಮಾಡಿ ಮಾರುತ್ತಿದ್ದೆವು. ನಾನು ಹಿಟ್ಟು ಕಲಸುತ್ತಿದ್ದೆ, ಅಂಗಡಿಗಳಿಗೆ ಕೊಟ್ಟು ಬರುತ್ತಿದ್ದೆ. ಬಾಣಲೆಯ ಮುಂದೆ ಕೂರುವುದು ಅವಳ ಕೆಲಸ.

ದಾಕ್ಷಾಯಿಣಿಗೆ ಕಣ್ಣು ಕಾಣುವುದಿಲ್ಲ. ಚಿಕ್ಕವಳಿದ್ದಾಗ ಬಂದ ಜ್ವರದಲ್ಲಿ ಹೋಯಿತಂತೆ. ಹೊಸಬರು ಮನೆಗೆ ಬಂದರೆ ಎಷ್ಟೋ ಹೊತ್ತು ಅವರಿಗೆ ಇದು ತಿಳಿಯುತ್ತಲೇ ಇರಲಿಲ್ಲ. ನಡುಮನೆಯಿಂದ ಒಲೆಯವರೆಗೆ ಅವಳು ಸರಸರ ನಡೆಯುತ್ತಾಳೆ, ಹಿತ್ತಿಲ ಬಾಗಿಲಿನ ತಗ್ಗು ತೊಲೆ ಬಂದಾಗ ತಲೆ ತಾನಾಗಿ ಬಗ್ಗುತ್ತದೆ. ಎಣ್ಣೆಯ ಸದ್ದು ಕೇಳಿ ಚಕ್ಕುಲಿ ಬೆಂದದ್ದು ಹೇಳುತ್ತಾಳೆ. ಅವಳು ಮಾಡಿದ್ದು ಕಪ್ಪಾದದ್ದನ್ನು ನಾನು ನೋಡಿಲ್ಲ. ನಾನು ಮಾಡಿದ್ದು ಬೇಕಾದಷ್ಟು ಸಲ ಕಪ್ಪಾಗಿದೆ.

ಒಂದು ಬೆಳಿಗ್ಗೆ ಅವಳು ಹಿತ್ತಿಲಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ಅತ್ತಿಗೆ, ಇಲ್ಲಿ ಬಾ. ಏನೋ ಬಂದೈತೆ."

ಬಟ್ಟೆ ಒಗೆಯುವ ಕಲ್ಲಿನ ಪಕ್ಕ ನೆಲ ಉಬ್ಬಿ ಬಿರಿದಿತ್ತು. ಬಿರುಕಿನಲ್ಲಿ ನನ್ನ ತೋಳಿನಷ್ಟು ದಪ್ಪನೆಯ ಬೇರು, ತುದಿಯಲ್ಲಿ ಮಾತ್ರ ಬೆಳ್ಳಗೆ, ಮೆತ್ತಗೆ. ಹಿತ್ತಿಲ ಹಿಂದಿನ ಬೀದಿಯ ಆಚೆಯ ದೊಡ್ಡ ಗೋಣಿಮರದ್ದು. ದಾಕ್ಷಾಯಿಣಿ ಕೂತು ತುದಿಯನ್ನು ಬೆರಳಿನಿಂದ ಮುಟ್ಟಿದಳು. ಲೋಳೆಯಂತೆ ಜಾರುತ್ತದೆ ಎಂದಳು. ಆಮೇಲೆ ಎದ್ದು ಬೇರಿನಿಂದ ಹಿತ್ತಿಲ ಬಾಗಿಲವರೆಗೆ ಹೆಜ್ಜೆ ಹಾಕಿ ಬಂದಳು. ಆ ದಿನ ಅವಳು ಕರಿದ ಚಕ್ಕುಲಿಗೆ ಉಪ್ಪು ಕಡಿಮೆ ಎಂದು ಅಂಗಡಿಯವರು ಹೇಳಿ ಕಳಿಸಿದರು.

ನಾನು ಬೇರಿನ ಕಚೇರಿಗೆ ಹೋದೆ. ಅಲ್ಲಿನ ಅಧಿಕಾರಿ ಇನಾಯತ್ ಸಾಹೇಬರು ಗಿಡಮರಗಳ ವಿಷಯವನ್ನೇ ಓದಿಕೊಂಡು ಬಂದವರು. ಎತ್ತರದ ಆಳು, ಕೊರಳಿಗೆ ದಾರ ಕಟ್ಟಿದ ಭೂತಗನ್ನಡಿ. ಮಾತು ನಿಧಾನ. ಅವರೇ ಒಂದು ಡಬ್ಬ ಸಾಕುನೀರು ಹಿಡಿದುಕೊಂಡು ನಮ್ಮ ಹಿತ್ತಿಲಿಗೆ ಬಂದರು. ಸಾಕುನೀರು ಎಂದರೆ ನಿಂತುಹೋದ ಬೇರುಗಳ ತುದಿಯಿಂದ ಕಚೇರಿಯವರು ತೆಗೆದಿಡುವ ರಸ. ಬೇಡದ ಕಡೆ ಬರುತ್ತಿರುವ ಬೇರಿನ ತುದಿಗೆ ಅದನ್ನು ಹಾಕಿದರೆ ಸಾಮಾನ್ಯವಾಗಿ ನಿಲ್ಲುತ್ತದೆ, ಇಲ್ಲವೇ ಪಕ್ಕಕ್ಕೆ ಹೊರಳುತ್ತದೆ. ಊರಿನ ಎಷ್ಟೋ ಮನೆಗಳು ಉಳಿದದ್ದು ಹಾಗೆಯೇ.

"ಈ ನೀರಲ್ಲಿ ಏನೈತೆ ಸಾಹೇಬ್ರೆ?" ಎಂದು ದಾಕ್ಷಾಯಿಣಿ ಕೇಳಿದಳು.

"ಮಾತಿದೆ ಅಮ್ಮ," ಎಂದರು ಅವರು. "ಬೇರಿನ ತುದಿಯಲ್ಲಿ ಹೊಸ ಕೋಶಗಳು ಹುಟ್ಟುವ ಜಾಗ ಒಂದಿದೆ. ಅದರ ಸುತ್ತಲಿನ ಕೋಶಗಳು ಪ್ರೋಟೀನಿನ ಸಣ್ಣ ಸಣ್ಣ ತುಣುಕು ಬಿಡ್ತವೆ. ಪೆಪ್ಟೈಡ್ ಅಂತ ಹೆಸರು. ಸಾಕು, ಇನ್ನು ಹುಟ್ಟಿಸಬೇಡ ಅಂತ ಅಕ್ಕಪಕ್ಕದವರಿಗೆ ಹೇಳೋದು ಅದರಿಂದಲೇ. ಕೇಳಿಸಿಕೊಳ್ಳೋ ಕೋಶದ ಮೈಮೇಲೆ ಆ ತುಣುಕನ್ನು ಹಿಡಿಯೋಕೆ ಗ್ರಾಹಕ ಅಂತ ಇರುತ್ತೆ. ಒಂದೊಂದು ಗ್ರಾಹಕಕ್ಕೂ ತನ್ನದೇ ತುಣುಕು. ಬೇರೆಯದು ಬಂದರೆ ಮುಟ್ಟೋದಿಲ್ಲ."

ಗ್ರಾಹಕ ಎಂದರೆ ನಮಗೆ ಗೊತ್ತಿದ್ದದ್ದು ತಿಂಡಿ ಕೊಳ್ಳಲು ಬರುವವರು. ದಾಕ್ಷಾಯಿಣಿ ಸ್ವಲ್ಪ ಯೋಚಿಸಿ, "ಕೋಡುಬಳೆ ಗಿರಾಕಿ ಚಕ್ಕುಲಿ ಕೊಟ್ರೆ ತಗಳ್ಳಲ್ಲ, ಹಂಗೆ," ಎಂದಳು.

ಇನಾಯತ್ ಸಾಹೇಬರು ಡಬ್ಬದ ಮುಚ್ಚಳ ಹಿಡಿದುಕೊಂಡೇ ಯೋಚಿಸಿದರು. "ಹೆಚ್ಚು ಕಡಿಮೆ ಹಾಗೇನೇ," ಎಂದರು.

ಸಾಕುನೀರು ಹಾಕಿದ ಮೇಲೆ ಬೇರು ನಿಧಾನವಾಯಿತು. ನಾವು ನಿಟ್ಟುಸಿರು ಬಿಟ್ಟೆವು. ಆದರೆ ಸ್ವಲ್ಪ ದಿನಕ್ಕೆ ಮತ್ತೆ ಹೊರಟಿತು. ಸಾಹೇಬರು ಮತ್ತೆ ಬಂದರು, ಮತ್ತೆ ಹಾಕಿದರು. ಪಕ್ಕದಲ್ಲಿ ನಾವು ನೆಟ್ಟಿದ್ದ ನುಗ್ಗೆಯ ಬೇರೂ, ಹರಿವೆಯ ಬೇರೂ ತಮ್ಮಷ್ಟಕ್ಕೆ ಬೆಳೆಯುತ್ತಿದ್ದವು, ಅವಕ್ಕೆ ಆ ಮಾತು ತಾಕಲಿಲ್ಲ. ಗೋಣಿಮರದ ಬೇರು ಮಾತ್ರ ಒಂದು ಗಳಿಗೆ ಕೇಳಿಸಿಕೊಂಡಂತೆ ಮಾಡಿ ಮುಂದುವರಿಯುತ್ತಿತ್ತು. "ಇದಕ್ಕೆ ಕಿವಿ ಇಲ್ಲ ಅಂತಲ್ಲ," ಎಂದರು ಸಾಹೇಬರು, ಭೂತಗನ್ನಡಿಯಲ್ಲಿ ನೋಡುತ್ತಾ. "ಕೇಳುತ್ತೆ. ಆದರೂ ನಿಲ್ತಿಲ್ಲ. ಯಾಕೆ ಅಂತ ನನಗೂ ಗೊತ್ತಾಗ್ತಿಲ್ಲ."

ಗೊತ್ತಾಗುವವರೆಗೆ ಕಾಯುವಂತಿರಲಿಲ್ಲ. ಕಚೇರಿಯವರು ಕೆಳಗಿನ ಕೇರಿಯಲ್ಲಿ ಒಂದು ಮನೆ ಗೊತ್ತು ಮಾಡಿದರು. ಒಳ್ಳೆಯ ಮನೆ. ಬಿಸಿಲು ಬರುತ್ತಿತ್ತು, ಅಡುಗೆಮನೆ ನಮ್ಮದಕ್ಕಿಂತ ದೊಡ್ಡದು. ನಾನು ದಾಕ್ಷಾಯಿಣಿಯನ್ನು ಕರೆದುಕೊಂಡು ಹೋದೆ. ಅವಳು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಗೋಡೆ ಹಿಡಿದುಕೊಂಡು ಒಳಗೆ ಹೋದಳು. "ಒಲೆ ಎಲ್ಲೈತೆ ಅತ್ತಿಗೆ?" ಎಂದಳು. ನಾನು ಹೇಳಿದ ಕಡೆಗೆ ತಿರುಗಿದಾಗ ಗೋಡೆಯಿಂದ ಚಾಚಿಕೊಂಡಿದ್ದ ಹಲಗೆ ಹಣೆಗೆ ಬಡಿಯಿತು. ಜೋರಾಗೇನೂ ಬಡಿಯಲಿಲ್ಲ. ಅವಳು ಹಣೆ ಉಜ್ಜಿಕೊಂಡು ಅಲ್ಲೇ ಕೂತಳು.

ಬರುವಾಗ ದಾರಿಯುದ್ದಕ್ಕೂ ಅವಳು ನನ್ನ ತೋಳು ಹಿಡಿದುಕೊಂಡಿದ್ದಳು. ಅಷ್ಟು ವರ್ಷಗಳಲ್ಲಿ ಅವಳು ನನ್ನ ತೋಳು ಹಿಡಿದು ನಡೆದದ್ದು ನನಗೆ ನೆನಪಿಲ್ಲ.

ಮನೆಗೆ ಬಂದ ಮೇಲೆ ಹೇಳಿದಳು, "ನಮ್ಮನೇಲಿ ನಂಗೆ ಕಣ್ಣು ಬೇಕು ಅಂತ ಅನ್ನಿಸಿದ್ದೇ ಇಲ್ಲ ಅತ್ತಿಗೆ. ಅಲ್ಲಿಗೆ ಹೋದ್ಮೇಲೆ ಗೊತ್ತಾತು, ನಾನು ಕುರುಡಿ ಅಂತ."

ಕಲಿತ್ಕೋತೀಯ, ಸ್ವಲ್ಪ ದಿನ ಹೋಗಲಿ ಎಂದು ನಾನು ಹೇಳಬಹುದಿತ್ತು. ಅವಳಿಗೆ ನನ್ನಷ್ಟೇ ವಯಸ್ಸು. ಈ ಮನೆಯನ್ನು ಕಲಿಯಲು ಅವಳಿಗೆ ಒಂದು ಇಡೀ ಬಾಲ್ಯ ಹಿಡಿದಿತ್ತು.

ಅದೇ ವಾರ ವಿದ್ಯುತ್ ಕಂಬದವರು ಬಂದು, ತಂತಿಗೆ ತಾಗುತ್ತವೆಂದು ಗೋಣಿಮರದ ನಮ್ಮ ಬದಿಯ ಕೊಂಬೆಗಳನ್ನು ಸವರಿದರು. ಬೇರು ಕಡಿಯಬಾರದೇ ಹೊರತು ಕೊಂಬೆ ಕಡಿಯಲು ನಮ್ಮಲ್ಲಿ ಅಡ್ಡಿಯಿಲ್ಲ. ಮರುದಿನ ದಾಕ್ಷಾಯಿಣಿ ಬೇರಿನ ತುದಿ ಮುಟ್ಟಿ, ಇವತ್ತು ಇದು ಅಲುಗಾಡಿಲ್ಲ ಎಂದಳು. ಮಾರನೆಯ ದಿನವೂ ಇಲ್ಲ. ನಮಗೆ ಆಸೆ ಹುಟ್ಟಿತು. ಆದರೆ ಸವರಿದ ಕಡೆ ತಾಮ್ರದ ಬಣ್ಣದ ಎಳೆ ಎಲೆ ಬಿಟ್ಟು, ಅವು ಅಗಲವಾಗುತ್ತಿದ್ದ ಹಾಗೆ ಬೇರು ಮತ್ತೆ ಹೊರಟಿತು.

ಇದನ್ನು ಹೇಳಲು ಹೋದಾಗ ಇನಾಯತ್ ಸಾಹೇಬರು ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟರು. ಎಲೆ ಯಾವಾಗ ಹೋಯಿತು, ಬೇರು ಯಾವಾಗ ನಿಂತಿತು, ಎಲೆ ಬಂದ ಮೇಲೆ ಎಷ್ಟು ಹೊತ್ತಿಗೆ ಹೊರಟಿತು ಎಂದು ಮತ್ತೆ ಮತ್ತೆ ಕೇಳಿದರು. ಆಮೇಲೆ ಚಹಾ ಅಲ್ಲೇ ಬಿಟ್ಟು ನನ್ನ ಜೊತೆ ಹೊರಟರು. ಅಷ್ಟು ಬೇಗ ಅವರು ನಡೆದದ್ದನ್ನು ನಾನು ನೋಡಿರಲಿಲ್ಲ.

"ನಾನು ತಪ್ಪು ಜಾಗದಲ್ಲಿ ಮಾತಾಡ್ತಿದ್ದೆ," ಎಂದರು ನಮ್ಮ ಜಗಲಿಯಲ್ಲಿ ಕೂತು. "ಬೇರಿಗೆ ಸಾಕು ಅಂತ ನಾನು ಕೆಳಗೆ ಹೇಳ್ತಿದ್ದೀನಿ. ಅದಕ್ಕೆ ನಡಿ ಅನ್ನೋ ಅಪ್ಪಣೆ ಮೇಲಿಂದ ಬರ್ತಿದೆ, ಎಲೆಯಿಂದ."

"ಎಲೆಗೆ ನಮ್ಮ ಮನೆ ಯಾಕೆ ಬೇಕಂತೆ?" ಎಂದೆ ನಾನು.

"ಎಲೆಗೆ ಯಾರೋ ಹೇಳಿ ಕಳಿಸಿದ್ದಾರೆ. ಮರದ ಬೇರು ಎಲ್ಲ ಕಡೆ ಹೋಗಿರುತ್ತೆ ಅಲ್ವಾ. ಒಂದು ಕಡೆ ಬೇರಿಗೆ ಸಾರಜನಕ ಸಿಗದೇ ಹೋದರೆ ಅದು ಸುಮ್ಮನಿರಲ್ಲ. ಹಸಿವು ಅಂತ ಹೇಳೋದಕ್ಕೆ ಬೇರೆಯದೇ ಒಂದು ಪೆಪ್ಟೈಡ್ ಮಾಡುತ್ತೆ. ಅದು ನೀರಿನ ಜೊತೆ ಕಾಂಡ ಹತ್ತಿ ಎಲೆಗೆ ಹೋಗುತ್ತೆ. ಅದರ ಗ್ರಾಹಕ ಇರೋದು ಎಲೆಯಲ್ಲಿ. ಎಲೆಗೆ ಸುದ್ದಿ ಮುಟ್ಟಿದ ತಕ್ಷಣ ಅದು ಉಳಿದ ಕಡೆಯ ಬೇರುಗಳಿಗೆ ಹೇಳುತ್ತೆ, ಆ ಬದಿಯವರಿಗೆ ಸಿಕ್ಕಿಲ್ಲ, ನೀವು ಹುಡುಕಿ ಅಂತ. ನಿಮ್ಮ ಹಿತ್ತಿಲಿಗೆ ಬಂದಿರೋದು ಹಸಿದ ಬೇರಲ್ಲ. ಹಸಿದವರ ಪರವಾಗಿ ಹೊರಟಿರೋ ಬೇರು."

ದಾಕ್ಷಾಯಿಣಿ ಕಂಬಕ್ಕೆ ಒರಗಿ ಕೇಳುತ್ತಿದ್ದಳು. "ಹಂಗಾದ್ರೆ ಅದಕ್ಕೆ ನಮ್ಮ ಮ್ಯಾಲೆ ಏನೂ ಸಿಟ್ಟಿಲ್ಲ," ಎಂದಳು. ಅಷ್ಟು ದಿನ ಅವಳು ಹಾಗೆ ಅಂದುಕೊಂಡಿದ್ದಳು ಎನ್ನುವುದು ನನಗೆ ಆಗಲೇ ತಿಳಿದದ್ದು.

ಹಸಿದ ಬದಿ ಯಾವುದೆಂದು ಹುಡುಕುವುದು ಕಷ್ಟವಾಗಲಿಲ್ಲ. ಮರದ ಆ ಕಡೆ ಮೊದಲು ದ್ಯಾಮವ್ವನ ಎಮ್ಮೆಗಳ ಕೊಟ್ಟಿಗೆ ಇತ್ತು. ಮಹಾರುದ್ರಪ್ಪ ಆ ಜಾಗದಲ್ಲಿ ಕಲ್ಯಾಣಮಂಟಪ ಕಟ್ಟಿಸಿದ ಮೇಲೆ ದ್ಯಾಮವ್ವ ಎಮ್ಮೆ ಹೊಡೆದುಕೊಂಡು ಕೆರೆಯ ಕಡೆ ಹೋಗಿದ್ದಳು. ಸಗಣಿ, ಗಂಜಲ ಇಂಗುತ್ತಿದ್ದ ನೆಲದ ಮೇಲೆ ಈಗ ಸಿಮೆಂಟು. ಮಂಟಪದ ಹಿಂದೆ, ಸಿಮೆಂಟಿಗೂ ಕಾಂಪೌಂಡಿಗೂ ನಡುವೆ, ಮಣ್ಣಿನ ಒಂದು ಪಟ್ಟಿ ಉಳಿದಿತ್ತು. ಸಾಹೇಬರು ಅಲ್ಲಿ ಕೈಯಿಂದಲೇ ಮಣ್ಣು ಕೆದಕಿದರು. ಒಳಗಿನ ಬೇರುಗಳು ಬಡಕಲಾಗಿ, ಹಳದಿಯಾಗಿ, ಕವಲಿಲ್ಲದೆ ಬಿದ್ದುಕೊಂಡಿದ್ದವು.

ಮಹಾರುದ್ರಪ್ಪನ ಮಗಳ ಮದುವೆ ಹತ್ತಿರ ಬಂದಿತ್ತು. ಅದೇ ಮಂಟಪದಲ್ಲಿ ಮೊದಲನೆಯ ಮದುವೆ. ಚಪ್ಪರ ಹಾಕುವವರ ನಡುವೆ ನಿಂತಿದ್ದ ಅವನು ಸಾಹೇಬರ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡ. ಕೆಟ್ಟ ಮನುಷ್ಯ ಅಲ್ಲ.

"ಹೊಸಾ ಸಿಮೆಂಟು ಒಡೆದು ಗೊಬ್ಬರ ತುಂಬ್ರಿ ಅಂತೀರಿ," ಎಂದ. "ಬೀಗರು ಬಂದು ಆ ವಾಸನೇಲಿ ಉಣ್ಣಬೇಕಾ? ಮದುವೆ ಮುಗೀಲಿ ಸಾಹೇಬ್ರೆ. ಆಮೇಲೆ ನೀವು ಹೇಳಿದ ಹಂಗೆ."

"ಅಷ್ಟು ಹೊತ್ತಿಗೆ ಬೇರು ಇವರ ಮನೆಯೊಳಗೆ ಇರುತ್ತೆ."

"ನಾನೇನ್ ಮಾಡ್ಲಿ. ಊರಿಗೆಲ್ಲ ಒಂದೇ ಕಟ್ಟಳೆ. ನಾನೂ ಎರಡು ಮನೆ ಬಿಟ್ಟು ಬಂದೋನೇ."

ಆಗ ನಮ್ಮ ಜೊತೆ ಬಂದಿದ್ದ ದಾಕ್ಷಾಯಿಣಿ ಅವನ ಧ್ವನಿ ಬಂದ ಕಡೆ ತಿರುಗಿ ಕೇಳಿದಳು.

"ಮಹಾರುದ್ರಣ್ಣ, ಮದುವೆಗೆ ಎಷ್ಟು ಮಂದಿ ಬರ್ತಾರೆ?"

"ಊರೆಲ್ಲ ಬರ್ತೈತಲ್ಲವ್ವ. ನಿಂಗೇ ಹೇಳಿದೀನಲ್ಲ, ಎಷ್ಟು ಚಕ್ಕುಲಿ ಬೇಕು ಅಂತ."

"ಅವ್ರೆಲ್ಲ ಬಂದ ಕೂಡ್ಲೆ ಪಾನಕ ಕುಡೀತಾರೆ. ಊಟದಾಗೆ ಮಜ್ಜಿಗೆ ಕುಡೀತಾರೆ. ಆಮೇಲೆ ಎಲ್ಲಿಗೆ ಹೋಗ್ತಾರೆ?"

ಚಪ್ಪರದ ಮೇಲೆ ಗಳ ಕಟ್ಟುತ್ತಿದ್ದವರು ಕೈ ನಿಲ್ಲಿಸಿದರು. ಮಹಾರುದ್ರಪ್ಪ ಗಂಟಲು ಸರಿ ಮಾಡಿಕೊಂಡ. ನನಗೆ ನಾಚಿಕೆಯಾಗಿ ಸೆರಗು ಬಾಯಿಗೆ ಹೋಯಿತು.

"ನಾಚಿಕೆ ಬಿಟ್ಟು ಕೇಳ್ತಿದೀನಿ," ಎಂದಳು ಅವಳು. "ಆ ಮಣ್ಣಿನ ಪಟ್ಟಿ ಹತ್ರ ಮರೆ ಮಾಡಿಸು. ಗಂಡಸ್ರಿಗೆ ಒಂದು ಕಡೆ, ಹೆಂಗಸ್ರಿಗೆ ಒಂದು ಕಡೆ. ಸಿಮೆಂಟ್ ಒಡೆಯೋದು ಬ್ಯಾಡ. ಎಮ್ಮೆ ಗಂಜಲ ಆದ್ರೇನು, ಬೀಗರದ್ದಾದ್ರೇನು. ಹೌದಾ ಸಾಹೇಬ್ರೆ?"

ಇನಾಯತ್ ಸಾಹೇಬರ ಮುಖ ಕೆಂಪಾಗಿತ್ತು. ಆದರೆ ಕಣ್ಣು ಅರಳಿದ್ದವು. "ಹೌದು. ಅದರಲ್ಲಿ ಇರೋದೇ ಸಾರಜನಕ. ನೀರು ಮಾತ್ರ ಬಹಳ ಸೇರಿಸಬೇಕು, ಇಲ್ಲದಿದ್ದರೆ ಬೇರು ಸುಟ್ಟು ಹೋಗುತ್ತೆ. ಕೈ ತೊಳೆಯೋ ನೀರನ್ನೆಲ್ಲ ಆ ಕಡೆಗೇ ತಿರುಗಿಸೋಣ. ವಾಸನೆ ಬರದ ಹಾಗೆ ನಾನು ನಿಂತು ನೋಡ್ಕೋತೀನಿ."

ಮಹಾರುದ್ರಪ್ಪ ಗೋಡೆಯನ್ನು ನೋಡಿದ, ಮರವನ್ನು ನೋಡಿದ. "ಬೀಗರಿಗೆ ಏನಂತ ಹೇಳ್ಲಿ?" ಎಂದ.

"ಏನೂ ಹೇಳಬ್ಯಾಡ," ಎಂದಳು ದಾಕ್ಷಾಯಿಣಿ. "ಬಾಣದ ಗುರುತು ಹಾಕಿಸು, ಸಾಕು."

ಮೇಲಿದ್ದವರಲ್ಲಿ ಒಬ್ಬ ನಕ್ಕ. ಆಮೇಲೆ ಮಹಾರುದ್ರಪ್ಪನೂ ನಕ್ಕ. ಅವನ ಹೊಟ್ಟೆ ಕುಲುಕುತ್ತಿತ್ತು.

ಮದುವೆ ಚೆನ್ನಾಗಿ ನಡೆಯಿತು. ತೆಂಗಿನ ಗರಿಯ ಮರೆ, ಅದಕ್ಕೆ ಮಾವಿನ ತೋರಣ, ದಾರಿಗೆ ಹೊಸ ಮರಳು. ಪಾನಕದ ಕೊಳಗದ ಹತ್ತಿರ ನಿಂತಿದ್ದ ಮಹಾರುದ್ರಪ್ಪನ ತಮ್ಮ ಯಾರು ಬಂದರೂ ಇನ್ನೊಂದು ಲೋಟ ಬಲವಂತ ಮಾಡುತ್ತಿದ್ದ. ಇನಾಯತ್ ಸಾಹೇಬರು ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ, ಕೈ ತೊಳೆದ ನೀರನ್ನು ಕಾಲುವೆಯಲ್ಲಿ ತಿರುಗಿಸುತ್ತಾ ಬೆಳಿಗ್ಗೆಯಿಂದ ಅಲ್ಲೇ ಇದ್ದರು. ಊಟಕ್ಕೂ ಕೊನೆಯ ಪಂಕ್ತಿಯಲ್ಲೇ ಕೂತದ್ದು. ದ್ಯಾಮವ್ವ ಬಂದು ಸೊಂಟದ ಮೇಲೆ ಕೈಯಿಟ್ಟು ನೋಡಿ, "ಎಮ್ಮೆ ನಾತ ಬರ್ತೈತೆ ಅಂತ ನನ್ನ ಕಳಿಸಿದ್ರಿ. ಈಗ ಊರ ಮಂದೀನೇ ಎಮ್ಮೆ ಮಾಡಿದ್ರಲ್ಲಪ್ಪ," ಎಂದಳು. ಆದರೂ ಮಾರನೆಯ ದಿನದಿಂದ ಎರಡು ಕೊಡ ಗಂಜಲ ತಂದು ಸುರಿದು ಹೋಗತೊಡಗಿದಳು. ಗಂಡಿನ ಕಡೆಯ ಹಿರಿಯರೊಬ್ಬರು ಹೊರಡುವಾಗ ಮಹಾರುದ್ರಪ್ಪನ ಕೈ ಹಿಡಿದು, ಇಷ್ಟು ಅಚ್ಚುಕಟ್ಟಾದ ಏರ್ಪಾಡು ಎಲ್ಲೂ ನೋಡಿಲ್ಲ ಎಂದರಂತೆ. ಅವನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಬೇರು ಮಾತ್ರ ನಿಲ್ಲಲಿಲ್ಲ. ಹಿತ್ತಿಲ ಮೆಟ್ಟಿಲು ಹತ್ತಿತು. ಸಾಹೇಬರು ದಿನವೂ ಬಂದು ನೋಡುತ್ತಿದ್ದರು. "ಸುದ್ದಿ ಮೇಲೆ ಹೋಗಬೇಕು, ಮೇಲಿಂದ ಇನ್ನೊಂದು ಕೆಳಗೆ ಬರಬೇಕು. ಮರಕ್ಕೆ ಅದರದೇ ವೇಳೆ ಇರುತ್ತೆ," ಎನ್ನುತ್ತಿದ್ದರು. ಅವರ ಜೇಬಿನಲ್ಲಿ ಕೆಳಗಿನ ಕೇರಿಯ ಮನೆಯ ಬೀಗದಕೈ ಇತ್ತು. ಕಟ್ಟಳೆಯಂತೆ ಅದನ್ನು ಕೊಡಬೇಕಾದವರು ಅವರೇ. ನಾನು ಪಾತ್ರೆಗಳನ್ನು ಗೋಣಿಚೀಲಕ್ಕೆ ತುಂಬಿದೆ, ಡಬ್ಬಗಳನ್ನು ಸೀರೆಯಲ್ಲಿ ಕಟ್ಟಿದೆ. ಬಾಣಲೆಯನ್ನು ಎತ್ತುವಾಗ ಸದ್ದಾಯಿತು. ದಾಕ್ಷಾಯಿಣಿ, "ಅದೊಂದು ಕೊನೇಗೆ ಕಟ್ಟು ಅತ್ತಿಗೆ," ಎಂದಳು. ಅದನ್ನು ಒಲೆಯ ಮೇಲೆಯೇ ಬಿಟ್ಟೆ.

ಮಧ್ಯಾಹ್ನದ ಬಿಸಿಲು ಹಿತ್ತಿಲಿಗೆ ಬಿದ್ದಿತ್ತು. ಬೇರಿನ ತುದಿ ಹೊಸ್ತಿಲ ಮರದ ಹೊರ ಅಂಚಿಗೆ ತಾಗಿತ್ತು. ದಾಕ್ಷಾಯಿಣಿ ಹೊಸ್ತಿಲ ಒಳಗೆ ಕೂತು, ಕೈ ಚಾಚಿ ತುದಿಯನ್ನು ಮುಟ್ಟಿಕೊಂಡಿದ್ದಳು. ಬೆಳಿಗ್ಗೆಯಿಂದ ಹಾಗೆಯೇ ಕೂತಿದ್ದಳು. ಸಾಹೇಬರು ಹಿತ್ತಿಲಲ್ಲಿ ಒಗೆಯುವ ಕಲ್ಲಿನ ಮೇಲೆ, ನಾನು ಅಡುಗೆಮನೆಯಲ್ಲಿ ಗಂಟುಗಳ ನಡುವೆ.

"ಅತ್ತಿಗೆ," ಎಂದಳು ಅವಳು ಬಹಳ ಹೊತ್ತಿನ ಮೇಲೆ, "ಇದು ಜಾರ್ತಿಲ್ಲ."

ನಾನು ಎದ್ದು ಹೋದೆ.

"ದಿನಾ ಲೋಳೆ ಇರ್ತಿತ್ತು. ಈಗ ಒಣಗೈತೆ. ಮ್ಯಾಲೆ ಏನೋ ನವಿರು ನವಿರಾಗಿ ಐತೆ, ಪೀಚ್ಲು ಹೀರೇಕಾಯಿ ಮ್ಯಾಲೆ ಇರ್ತೈತಲ್ಲ ಹಂಗೆ."

ಸಾಹೇಬರು ಮಂಡಿಯೂರಿ ಭೂತಗನ್ನಡಿ ಹಿಡಿದರು. ಉಸಿರು ಗಾಜಿಗೆ ತಾಗಿ ಮಂಜಾಯಿತು, ಒರೆಸಿಕೊಂಡು ಮತ್ತೆ ನೋಡಿದರು. ನಾನು ಅವರ ಬೆನ್ನನ್ನೇ ನೋಡುತ್ತಿದ್ದೆ.

"ರೋಮ," ಎಂದರು. "ತುದಿಯವರೆಗೂ ರೋಮ ಬಂದಿದೆ. ಮುಂದಕ್ಕೆ ಓಡ್ತಿರೋ ಬೇರಿನ ತುದಿ ಬರಿದಾಗಿರುತ್ತೆ, ರೋಮ ಹಿಂದೆ ಉಳಿಯುತ್ತೆ. ತುದಿಯವರೆಗೆ ಬಂತು ಅಂದರೆ..." ಅವರು ಮಾತು ನಿಲ್ಲಿಸಿ ದಾಕ್ಷಾಯಿಣಿಯ ಕಡೆ ನೋಡಿದರು.

"ನಿಂತೈತೆ," ಎಂದಳು ಅವಳು.

"ನಿಂತಿದೆ ಅಮ್ಮ."

ಅವರು ಎದ್ದು, ಜೇಬಿನಿಂದ ಬೀಗದಕೈ ತೆಗೆದು ನೋಡಿ, ಮತ್ತೆ ಜೇಬಿಗೆ ಹಾಕಿಕೊಂಡರು. ಒಂದು ಲೋಟ ನೀರು ಕೇಳಿದರು. ಲೋಟ ಎಲ್ಲಾ ಗಂಟಿನಲ್ಲಿದ್ದವು, ಚೊಂಬಿನಲ್ಲೇ ಕೊಟ್ಟೆ. ಗಟಗಟನೆ ಕುಡಿದು, ಅಂಗಿಯ ಮೇಲೆಲ್ಲ ಚೆಲ್ಲಿಕೊಂಡು, ನಾಳೆ ಬಂದು ಮತ್ತೆ ನೋಡುತ್ತೇನೆ ಎಂದು ಹೋದರು. ಬೀದಿಯಲ್ಲಿ ಅವರು ಯಾರಿಗೋ ಗಟ್ಟಿಯಾಗಿ ಸುದ್ದಿ ಹೇಳುತ್ತಿರುವುದು ಕೇಳಿಸಿತು.

ನನಗೆ ಕೂರಲು ಮನಸ್ಸಾಗಲಿಲ್ಲ. ಗಂಟುಗಳನ್ನೆಲ್ಲ ಬಿಚ್ಚಿದೆ. ಪಾತ್ರೆಗಳನ್ನು ಹಲಗೆಗೆ ಏರಿಸಿದೆ, ಡಬ್ಬಗಳನ್ನು ಸಾಲಾಗಿ ಇಟ್ಟೆ, ಒಲೆ ಹೊತ್ತಿಸಿದೆ. ದಾಕ್ಷಾಯಿಣಿ ಕೈ ತೊಳೆದುಕೊಂಡು ಬಂದು, ಇವತ್ತು ಉಪ್ಪಿಟ್ಟು ನಾನು ಮಾಡ್ತೀನಿ ಎಂದಳು. ಎಂದಿನಂತೆ ಸರಸರ ಬಂದಳು. ರವೆಯ ಡಬ್ಬ ಇರಬೇಕಾದ ಕಡೆ ಕೈ ಹಾಕಿದಳು, ಮೆಣಸಿನಪುಡಿ ಸಿಕ್ಕಿತು. ಉಪ್ಪಿನ ಭರಣಿಯ ಜಾಗದಲ್ಲಿ ಬೆಲ್ಲ ಇತ್ತು. ಸೌಟಿಗೆ ಕೈ ಚಾಚಿದರೆ ಗೋಡೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದಾಗ ನಾನು ದಾರಿಯಲ್ಲೇ ಬಿಟ್ಟಿದ್ದ ಬಿಂದಿಗೆ ಕಾಲಿಗೆ ತಾಗಿ ಉರುಳಿ ಹೋಯಿತು.

ಅವಳು ನಡುವೆ ನಿಂತುಬಿಟ್ಟಳು.

"ಅತ್ತಿಗೆ," ಎಂದಳು, ಒಂದು ಕೈಯಲ್ಲಿ ಮೆಣಸಿನಪುಡಿಯ ಡಬ್ಬ ಹಿಡಿದುಕೊಂಡು, "ಆ ಬೇರು ಇಷ್ಟು ದಿನ ಕಷ್ಟಪಟ್ಟು ಮಾಡಕ್ಕಾಗದೇ ಇದ್ದಿದ್ನ ನೀನು ಒಂದು ಗಳಿಗೇಲಿ ಮಾಡಿಟ್ಟೆ."

ನಾನು ಮೊದಲು ನಕ್ಕೆನೋ ಅವಳು ಮೊದಲು ನಕ್ಕಳೋ ತಿಳಿಯದು. ನಕ್ಕು ನಕ್ಕು ನಾನು ನೆಲದ ಮೇಲೆ ಕೂತೆ, ಅವಳು ಗೋಡೆ ಹಿಡಿದುಕೊಂಡಳು. ಆಮೇಲೆ ಅವಳು ಬಂದು ನನ್ನ ಪಕ್ಕ ಕೂತು ಕೈ ಚಾಚಿದಳು. ನಾನು ಎದ್ದು ಡಬ್ಬಗಳನ್ನು ಒಂದೊಂದಾಗಿ ಇಳಿಸಿ ಅವಳ ಕೈಗೆ ಕೊಟ್ಟೆ. ಅವಳು ಅಲ್ಲಾಡಿಸಿ, ಮೂಸಿ, ಎಲ್ಲಿಡಬೇಕೆಂದು ಹೇಳಿದಳು. ಹೇಳಿದ ಕಡೆಯೇ ಇಡುತ್ತಾ ಹೋದೆ.